ಮದುವೆಗೆ ಬರ್ತೀಯಾ? – ಎರಡು ಸಿನಿಮಾ, ಒಂದು ಇಕಾಮಾ



ಎರಡು ತಿಂಗಳ ಹಿಂದೆ ಕಾರ್ಯದರ್ಶಿಗಳು ಫೋನ್ ಮಾಡಿ, "ಅನಿವಾಸಿಗಳ ಹಣಕಾಸು ಯೋಜನೆ ಬಗ್ಗೆ ನೀವು ಮುಖ್ಯ ಭಾಷಣ ಮಾಡಬೇಕು" ಎಂದರು. ಚಾರ್ಟರ್ಡ್ ಅಕೌಂಟೆಂಟ್‌ನನ್ನು ಕರೆದರೆ ಅದನ್ನೇ ಕೇಳುವುದು, ತಪ್ಪಿಲ್ಲ. ಆದರೆ ಎನ್‌ಆರ್‌ಇ ಖಾತೆ, ಎನ್‌ಆರ್‌ಒ ಖಾತೆ, ಟಿಡಿಎಸ್ ಬಗ್ಗೆ ನಿಮ್ಮ ಮುಂದೆ ನಾನೇ ಮೂರು ಸಲ ಮಾತಾಡಿದ್ದೇನೆ. ಮೂರೂ ಸಲ ಅರ್ಧ ಸಭೆ ಬಿರಿಯಾನಿ ಎಲ್ಲಿಗೆ ಬಂತು ಎಂದು ಬಾಗಿಲು ನೋಡುತ್ತಿತ್ತು. ಹಾಗಾಗಿ "ಈ ಸಲ ಸಿನಿಮಾ ಬಗ್ಗೆ ಮಾತಾಡ್ತೇನೆ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. "ಲೆಕ್ಕವೂ ಬರುತ್ತದೆ ಮಾರಾಯ್ರೇ" ಎಂದ ಮೇಲೆ ಒಪ್ಪಿಕೊಂಡರು.

ವಿಷಯ ಇಷ್ಟು: ಹಳೆಯ ಗೆಳೆಯರು ಒಂದು ಮದುವೆಗೆಂದು ಮತ್ತೆ ಸೇರುವ ಸಿನಿಮಾಗಳು, ಮತ್ತು ಅಂಥ ಮದುವೆಗಳಿಗೆ ಹೋಗಲಾಗದ ನಾವು.

ಇಂಥ ಸಿನಿಮಾಗಳನ್ನು ನೀವೂ ನೋಡಿದ್ದೀರಿ. ಇಂಗ್ಲಿಷಿನಲ್ಲಿ 1994ರ 'ಫೋರ್ ವೆಡ್ಡಿಂಗ್ಸ್ ಆ್ಯಂಡ್ ಎ ಫ್ಯೂನರಲ್' ಇದೆ. ಅದರ ಗೆಳೆಯರ ಗುಂಪು ಒಟ್ಟಾಗುವುದು ಮದುವೆಗಳಲ್ಲಿ, ನಡುವೆ ಒಂದು ಸಾವಿನಲ್ಲಿ. 1997ರ 'ಮೈ ಬೆಸ್ಟ್ ಫ್ರೆಂಡ್ಸ್ ವೆಡ್ಡಿಂಗ್'ನಲ್ಲಿ ಜೂಲಿಯಾ ರಾಬರ್ಟ್ಸ್‌ಗೆ ಹಳೆಯ ಗೆಳೆಯ ಫೋನ್ ಮಾಡಿ, ಇನ್ನು ನಾಲ್ಕು ದಿನಕ್ಕೆ ತನ್ನ ಮದುವೆ ಎನ್ನುತ್ತಾನೆ. ಅವಳು ನ್ಯೂಯಾರ್ಕಿನಿಂದ ಶಿಕಾಗೋಗೆ ಹಾರಿಬಿಡುತ್ತಾಳೆ. ನಾಲ್ಕು ದಿನ! ನಮಗೆ ನಾಲ್ಕು ದಿನದಲ್ಲಿ ಎಚ್‌ಆರ್‌ನವರು ಇಮೇಲ್ ತೆರೆದು ನೋಡಿದರೆ ದೊಡ್ಡದು.

ಕನ್ನಡದಲ್ಲಿ ಈ ಜಾತಿಯ ಸಿನಿಮಾಕ್ಕೆ 2006 ಒಳ್ಳೆಯ ವರ್ಷ. ಆ ವರ್ಷದ ಆರಂಭದಲ್ಲಿ ಸುದೀಪ್ ಮೊದಲ ಬಾರಿಗೆ ನಿರ್ದೇಶಿಸಿದ 'ಮೈ ಆಟೋಗ್ರಾಫ್' ಬಂತು. ಚೇರನ್ ಅವರ 2004ರ ತಮಿಳು 'ಆಟೋಗ್ರಾಫ್'ನ ಕನ್ನಡ ರೂಪ ಅದು. ವರ್ಷದ ಕೊನೆಗೆ, ಡಿಸೆಂಬರ್ 29ರಂದು, ಯೋಗರಾಜ್ ಭಟ್ಟರ 'ಮುಂಗಾರು ಮಳೆ' ಬಂತು. ಮೊದಲನೆಯದನ್ನು ರೊಮ್ಯಾಂಟಿಕ್ ಕಾಮಿಡಿ ಎನ್ನಲಾಗದು, ಅದರಲ್ಲಿ ಅಳು ಜಾಸ್ತಿ. ಎರಡನೆಯದರಲ್ಲಿ ಕೊನೆಯ ಅರ್ಧ ಗಂಟೆ ಬಿಟ್ಟರೆ ನಗುವೇ ಹೆಚ್ಚು. ಎರಡರಲ್ಲೂ ನಡುಗಂಬ ಒಂದು ಮದುವೆ.

'ಮೈ ಆಟೋಗ್ರಾಫ್' ಕತೆಯನ್ನು ಒಂದೇ ಸಾಲಿನಲ್ಲಿ ಹೇಳಬಹುದು. ಮದುವೆ ನಿಶ್ಚಯವಾದ ಒಬ್ಬ ಮನುಷ್ಯ ಲಗ್ನಪತ್ರಿಕೆಗಳ ಕಟ್ಟು ಹಿಡಿದು ತನ್ನ ಹಳೆಯ ಬದುಕಿನ ಊರೂರಿಗೆ ಹೋಗುತ್ತಾನೆ. ಶಾಲೆಯ ಊರು, ಕೇರಳ, ಆಮೇಲೆ ನಗರ. ಹಳೆಯ ಗೆಳೆಯರು, ಮೇಷ್ಟ್ರು, ಒಂದು ಕಾಲಕ್ಕೆ ಪ್ರೀತಿಸಿದ ಹುಡುಗಿಯರು. ಎಲ್ಲರ ಕೈಗೂ ತಾನೇ ಕಾರ್ಡು ಕೊಡುತ್ತಾನೆ. ಕೊನೆಗೆ ಎಲ್ಲರೂ ಮದುವೆಗೆ ಬರುತ್ತಾರೆ. ಅಷ್ಟೇ.

ಇವತ್ತು ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಬರುತ್ತದೆ, ಕೆಳಗೆ "ಇದನ್ನೇ ಖುದ್ದು ಕರೆಯೋಲೆ ಎಂದು ತಿಳಿಯಿರಿ" ಎಂದು ಬರೆದಿರುತ್ತಾರೆ. ನನಗೆ ಅದರಲ್ಲಿ ಬೇಸರವಿಲ್ಲ, ಕಾಲ ಹಾಗಿದೆ. ಆದರೆ ಆ ಸಿನಿಮಾದವನು ಎರಡು ರಾಜ್ಯ ಸುತ್ತಿದ್ದು ಕಾರ್ಡು ತಲುಪಿಸುವುದಕ್ಕೆ ಅಲ್ಲ. ಮುಖಾಮುಖಿ ನಿಂತು ಕರೆದರೆ, ಕರೆಸಿಕೊಂಡವನೂ ಮುಖಾಮುಖಿ ಉತ್ತರ ಕೊಡಬೇಕಾಗುತ್ತದೆ. "ಬರ್ತೇನೆ" ಅಥವಾ "ಬರೋಕಾಗಲ್ಲ, ಯಾಕೆಂದರೆ..." ಆ 'ಯಾಕೆಂದರೆ'ಯ ನಂತರದ ಮಾತು ಪಿಡಿಎಫ್‌ಗೆ ಯಾರೂ ಹೇಳುವುದಿಲ್ಲ. ಪಿಡಿಎಫ್‌ಗೆ ಎರಡು ಕೈ ಜೋಡಿಸಿದ ಎಮೋಜಿ ಹಾಕುತ್ತೇವೆ. ಆ ಎಮೋಜಿಯ ಅರ್ಥ ಬರುತ್ತೇನೆ ಎಂದೋ, ಬರುವುದಿಲ್ಲ ಎಂದೋ ಹಾಕಿದವನಿಗೂ ಗೊತ್ತಿರುವುದಿಲ್ಲ.

ಇನ್ನು 'ಮುಂಗಾರು ಮಳೆ'. ಸುಮಾರು 70 ಲಕ್ಷ ರೂಪಾಯಿಯಲ್ಲಿ ಮಾಡಿದ ಸಿನಿಮಾ ಎಂದು ಪತ್ರಿಕೆಗಳು ಬರೆದವು. ಗಳಿಕೆಯ ಬಗ್ಗೆ ಎಷ್ಟೆಷ್ಟೋ ಕೋಟಿಗಳ ಅಂಕಿಗಳಿವೆ, ಅವುಗಳಿಗೆ ನಾನು ಸಹಿ ಹಾಕುವುದಿಲ್ಲ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಓಡಿದ್ದು ಮಾತ್ರ ನಿಜ. ಗಣೇಶ್, ಪೂಜಾ ಗಾಂಧಿ, ಕಿವಿ ಕೇಳದ ಕರ್ನಲ್ ಆಗಿ ಅನಂತ್ ನಾಗ್, ದೇವದಾಸ ಎಂಬ ಮೊಲ. ಹಾಡುಗಳ ಬಗ್ಗೆ ಹೇಳಬೇಕಿಲ್ಲ. ಸಂಗೀತ ಕೊಟ್ಟ ಮನೋಮೂರ್ತಿ ಕೂಡ ನಮ್ಮಂತೆಯೇ ಹೊರದೇಶದ ಕನ್ನಡಿಗರು, ಅಮೆರಿಕದವರು.

ಅದನ್ನು ನಾವೆಲ್ಲ ಪ್ರೀತಮ್–ನಂದಿನಿಯ ಕತೆ ಎಂದು ನೆನಪಿಟ್ಟುಕೊಂಡಿದ್ದೇವೆ. ಆದರೆ ಪ್ರೀತಮ್ ಮಡಿಕೇರಿಗೆ ಯಾಕೆ ಹೋದ? ಅಮ್ಮನ ಜೊತೆಗೆ ಹೋದ. ಅಮ್ಮ ಯಾಕೆ ಹೊರಟಳು? ಗೆಳತಿಯ ಮಗಳ ಮದುವೆಗೆ. ಅಂದರೆ ಹಳೆಯ ಗೆಳತಿಯರಿಬ್ಬರು ಮದುವೆಯ ನೆಪದಲ್ಲಿ ಸೇರುವ ಕತೆಯೊಂದು ಆ ಸಿನಿಮಾದ ಒಳಗೇ ಇದೆ. ಸುಧಾ ಬೆಳವಾಡಿ ಮತ್ತು ಪದ್ಮಜಾ ರಾವ್ ಆ ಗೆಳತಿಯರು. ಅವರಿಬ್ಬರು ಎಷ್ಟು ವರ್ಷಗಳ ಮೇಲೆ ಸಿಕ್ಕರು, ರಾತ್ರಿ ಅಡುಗೆಮನೆಯಲ್ಲಿ ಏನು ಮಾತಾಡಿಕೊಂಡರು ಎಂದು ನಾವು ಯಾರೂ ಕೇಳಲಿಲ್ಲ. ನಮ್ಮ ಕಣ್ಣೆಲ್ಲ ಮೊಲದ ಮೇಲಿತ್ತು. ನನ್ನ ವಯಸ್ಸು ನಲವತ್ತೈದು ದಾಟಿದ ಮೇಲೆ ಈ ಸಿನಿಮಾ ಮತ್ತೆ ನೋಡಿದಾಗ, ನನಗೆ ಆ ಇಬ್ಬರು ತಾಯಂದಿರೇ ಹೆಚ್ಚು ಕಂಡರು.

ಇನ್ನೊಂದು ವಿಷಯ. ನಂದಿನಿಯ ಗೆಳತಿಯರು ಮುಂಬೈಯಿಂದ ಮದುವೆಗೆ ಬರಬೇಕು. ಅವರನ್ನು ಕರೆತರಲು ಪ್ರೀತಮ್ ಮತ್ತು ನಂದಿನಿ ರೈಲ್ವೆ ಸ್ಟೇಷನ್ನಿಗೆ ಹೋಗುತ್ತಾರೆ. ಕೊಡಗಿಗೆ ರೈಲೇ ಇಲ್ಲ, ಇಂದಿಗೂ ಇಲ್ಲ. ಘಟ್ಟ ಇಳಿದು ಎಲ್ಲಿಗೋ ಹೋಗಿರಬೇಕು, ಇರಲಿ. ರೈಲು ಐದು ಗಂಟೆ ತಡ. ಆ ಐದು ಗಂಟೆಯಲ್ಲಿ ಬೆಟ್ಟದ ದೇವಸ್ಥಾನ, ಮಳೆ, ಅಜ್ಜ ಅಜ್ಜಿಯ ಗುಡಿಸಲು, ಪ್ರೀತಿ, ಎಲ್ಲ ನಡೆಯುತ್ತದೆ. ಗೆಳತಿಯರು ಸಮಯಕ್ಕೆ ಸರಿಯಾಗಿ ಬಂದಿದ್ದರೆ ಆ ಸಿನಿಮಾವೇ ಇಲ್ಲ! ಕೊಡಗಿನವರು ಮಳೆ ಹೊಯ್ಯುವಾಗ ಮದುವೆ ಇಟ್ಟುಕೊಳ್ಳುವುದೂ ಅಪರೂಪ, ಕಕ್ಕಡ ತಿಂಗಳಲ್ಲಂತೂ ಇಲ್ಲವೇ ಇಲ್ಲ. ಭಟ್ಟರಿಗೆ ಮಳೆ ಬೇಕಿತ್ತು, ಕರ್ನಲ್ ಒಪ್ಪಿಕೊಂಡರು.

ಈಗ ನನ್ನ ಮಾತಿನ ತಿರುಳಿಗೆ ಬರುತ್ತೇನೆ. ಇಂಥ ಸಿನಿಮಾ ಎರಡೂವರೆ ಗಂಟೆ ಓಡಬೇಕಾದರೆ ಯಾರೋ ಒಬ್ಬರು ಒಂದು ವಾಕ್ಯ ಹೇಳದೆ ಇರಬೇಕು. ಪ್ರೀತಮ್ ಕರ್ನಲ್ ಮುಂದೆ ಆ ವಾಕ್ಯ ಹೇಳುವುದಿಲ್ಲ; ಮದುಮಗನನ್ನು ತಾನೇ ಮದುವೆಮನೆಗೆ ತಲುಪಿಸಿ, ತಾನು ಮಾತ್ರ ಮದುವೆಗೆ ನಿಲ್ಲದೆ ಹೋಗುತ್ತಾನೆ. 2018ರ ತಮಿಳಿನ '96'ರಲ್ಲಿ ಹುಡುಗ ಅವಳನ್ನು ಹುಡುಕಿಕೊಂಡು ಕಾಲೇಜಿಗೆ ಹೋಗಿರುತ್ತಾನೆ. ಯಾರೋ ಬಂದಿದ್ದಾರೆ ಎಂದಾಗ ಅವಳು ಬೇರೆ ಯಾರೋ ಎಂದುಕೊಂಡು ನೋಡಲು ಒಪ್ಪುವುದಿಲ್ಲ. ಅವಳ ಮದುವೆಗೂ ಅವನು ಯಾರಿಗೂ ಕಾಣದಂತೆ ಬಂದಿರುತ್ತಾನೆ. ಇದು ಗೊತ್ತಾಗುವುದು ಎಷ್ಟೋ ವರ್ಷಗಳ ಮೇಲೆ, ಅವಳು ಸಿಂಗಾಪುರದಿಂದ ಬಂದ ಒಂದು ರಾತ್ರಿ. ಅದನ್ನು ಕನ್ನಡದಲ್ಲಿ '99' ಎಂದು ಮಾಡಿದವರು ಪ್ರೀತಮ್ ಗುಬ್ಬಿ, 'ಮುಂಗಾರು ಮಳೆ'ಯ ಬರವಣಿಗೆಯಲ್ಲಿ ಕೈ ಇದ್ದವರೇ. ನಾಯಕ ಮತ್ತೆ ಗಣೇಶ್.

ಥಿಯೇಟರಿನಲ್ಲಿ ಕೂತವರು "ಅಯ್ಯೋ, ಹೇಳಿಬಿಡೋ" ಎಂದು ಚಡಪಡಿಸುತ್ತಾರೆ. ಥಿಯೇಟರು ಅಂದೆ, ನಮಗೆ ಅದೂ ಇರಲಿಲ್ಲ. ನಾನು ಜಿದ್ದಾಗೆ ಬಂದದ್ದು 2008ರಲ್ಲಿ, ಅಂದಿನಿಂದ ಅಜೀಜಿಯಾದಲ್ಲೇ ಇದ್ದೇನೆ. ಊರಿನವರಿಗೆ ಅಜೀಜಿಯಾ ಎಂದರೆ ಹಜ್‌ಗೆ ಹೋದವರು ತಂಗುವ ಮಕ್ಕಾದ ಅಜೀಜಿಯಾ ನೆನಪಾಗುತ್ತದೆ, ನನ್ನದು ಜಿದ್ದಾದ್ದು. ಸೌದಿಯಲ್ಲಿ 1980ರ ದಶಕದ ಆರಂಭದಿಂದ ಸಿನಿಮಾ ಮಂದಿರಗಳಿರಲಿಲ್ಲ. 2018ರ ಏಪ್ರಿಲ್ 18ರಂದು ರಿಯಾದಿನಲ್ಲಿ 'ಬ್ಲ್ಯಾಕ್ ಪ್ಯಾಂಥರ್' ತೋರಿಸಿದ್ದು ಮೊದಲು, ಜಿದ್ದಾಗೆ ಬಂದದ್ದು 2019ರ ಜನವರಿಯಲ್ಲಿ. ಅಲ್ಲಿಯವರೆಗೆ ನಮ್ಮ ಥಿಯೇಟರ್ ಎಂದರೆ ವಾರಾಂತ್ಯಕ್ಕೆ ಬಾಡಿಗೆ ಹಿಡಿದ ಇಸ್ತಿರಾಹಾ, ಗೋಡೆಗೆ ಬಿಳಿ ಬೆಡ್‌ಶೀಟು, ಯಾರದೋ ಆಫೀಸಿನ ಪ್ರಾಜೆಕ್ಟರು. 'ಮುಂಗಾರು ಮಳೆ'ಯನ್ನು ಹಾಗೇ ನೋಡಿದೆವು. ಹೊರಗೆ ನಲವತ್ತು ಡಿಗ್ರಿ ಸೆಕೆ, ಬೆಡ್‌ಶೀಟಿನ ಮೇಲೆ ಮಳೆ. ಕುಂದಾಪುರದ ಒಬ್ಬ ಅಜ್ಜಿ, ಮಗನ ಮನೆಗೆ ಬಂದಿದ್ದವರು, ಪರದೆ ನೋಡುತ್ತ "ಒಣಗಿಸಿದ ಹಪ್ಪಳ ಒಳಗೆ ತನ್ನಿ" ಎಂದು ತಮಾಷೆ ಮಾಡಿದ್ದು ಇಲ್ಲಿ ಕೆಲವರಿಗೆ ನೆನಪಿರಬಹುದು.

ಅದೇ ಇಸ್ತಿರಾಹಾದಲ್ಲಿ, ಅದೇ ಬೆಡ್‌ಶೀಟಿನ ಮುಂದೆ "ಹೇಳಿಬಿಡೋ" ಎಂದು ಕೂಗಿದವರು ನಾವು. ಊರಿನ ಗೆಳೆಯನ ಮದುವೆ ಬಂದಾಗ ಎಲ್ಲರೂ ಬರೆಯುವುದು ಒಂದೇ ವಾಕ್ಯ: "ರಜೆ ಸಿಗಲಿಲ್ಲ ಮಾರಾಯ."

ಈ 'ರಜೆ ಸಿಗಲಿಲ್ಲ'ದ ಲೆಕ್ಕವನ್ನು ಸ್ವಲ್ಪ ಬಿಡಿಸೋಣ. ಸೌದಿ ಕಾರ್ಮಿಕ ಕಾನೂನಿನ ಪ್ರಕಾರ ವಾರ್ಷಿಕ ರಜೆ ಕನಿಷ್ಠ 21 ದಿನ, ಐದು ವರ್ಷ ಸೇವೆಯ ನಂತರ 30 ದಿನ. ಸ್ವಂತ ಮದುವೆಗೆ ಸಂಬಳಸಹಿತ 5 ದಿನ. ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು ತೀರಿಕೊಂಡರೆ 5 ದಿನ. ಗೆಳೆಯನ ಮದುವೆಗೆ ಸೊನ್ನೆ. ಇದು ದೂರಲ್ಲ, ಯಾವ ದೇಶದ ಕಾನೂನಿನಲ್ಲೂ ಗೆಳೆಯನಿಗೆ ಒಂದು ಕಾಲಂ ಇರುವುದನ್ನು ನಾನು ನೋಡಿಲ್ಲ.

ಎರಡನೆಯದು ಪಂಚಾಂಗ. ನಮ್ಮ ಮಕ್ಕಳ ಶಾಲೆಗೆ ದೊಡ್ಡ ರಜೆ ಬರುವುದು ಜುಲೈ, ಆಗಸ್ಟ್‌ನಲ್ಲಿ. ಆಗ ಊರಿನಲ್ಲಿ ಆಷಾಢ! ಊರಿನ ಮದುವೆಗಳೆಲ್ಲ ಏಪ್ರಿಲ್, ಮೇ ತಿಂಗಳಲ್ಲಿ, ಇಲ್ಲಿ ಮಕ್ಕಳಿಗೆ ಹೊಸ ತರಗತಿ ಶುರುವಾದ ಹೊತ್ತಿಗೆ. ಕರಾವಳಿಯ ನಮ್ಮ ಮುಸ್ಲಿಂ ಬಂಧುಗಳು ಈ ವಿಷಯದಲ್ಲಿ ಹೆಚ್ಚು ಜಾಣರು. ಮಂಗಳೂರು, ಉಡುಪಿ, ಭಟ್ಕಳದ ಕಡೆ ಎಷ್ಟೋ ಮನೆಗಳಲ್ಲಿ ಗಲ್ಫಿನವರ ರಜೆ ನೋಡಿಯೇ ನಿಕಾಹ್ ದಿನ ಗೊತ್ತುಮಾಡುತ್ತಾರೆ. ನಮ್ಮ ಜೋಯಿಸರಿಗೆ ಇಕಾಮಾ ತೋರಿಸಿ ಮುಹೂರ್ತ ಕೇಳಿದರೆ ಏನೆನ್ನುತ್ತಾರೋ ಗೊತ್ತಿಲ್ಲ.

ಮೂರನೆಯದು ದುಡ್ಡು. 2017ರ ಜುಲೈಯಿಂದ ಅವಲಂಬಿತರ ಶುಲ್ಕ ಬಂತು. ತಲೆಗೆ ತಿಂಗಳಿಗೆ 100 ರಿಯಾಲಿನಿಂದ ಶುರುವಾಗಿ ವರ್ಷ ವರ್ಷ ನೂರು ಏರಿ, 2020ರ ಜುಲೈಗೆ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳು ಎಂದರೆ ವರ್ಷಕ್ಕೆ 3,600 ಇದ್ದದ್ದು 14,400. ಅದೇ 2020ರ ಜುಲೈಯಲ್ಲಿ ವ್ಯಾಟ್ ಶೇಕಡಾ 5ರಿಂದ 15ಕ್ಕೆ ಹೋಯಿತು. ಊರಿಗೆ ಹೋಗಿ ಬರುವುದಕ್ಕೆ ಎಕ್ಸಿಟ್ ರೀ–ಎಂಟ್ರಿ ವೀಸಾ, ಎರಡು ತಿಂಗಳವರೆಗೆ ಒಬ್ಬರಿಗೆ 200 ರಿಯಾಲ್, ಆಮೇಲೆ ತಿಂಗಳಿಗೆ ನೂರು. ನಾಲ್ಕು ಜನಕ್ಕೆ 800. ವಿಮಾನದ ಟಿಕೆಟ್ ಇನ್ನೂ ಸೇರಿಸಿಲ್ಲ, ಉಡುಗೊರೆ ಸೇರಿಸಿಲ್ಲ, ಊರಿನಲ್ಲಿ "ಸೌದಿಯಿಂದ ಬಂದಿದ್ದಾನೆ" ಎಂದು ಕೈ ನೋಡುವವರನ್ನು ಸೇರಿಸಿಲ್ಲ. ಆ ವರ್ಷಗಳಲ್ಲಿ ಅಜೀಜಿಯಾದ ನನ್ನ ಕಟ್ಟಡದಲ್ಲೇ ಹನ್ನೆರಡು ಮನೆಗಳಲ್ಲಿ ಏಳು ಖಾಲಿಯಾದವು. ಹೆಂಡತಿ ಮಕ್ಕಳನ್ನು ಕಳಿಸಿ ಗಂಡಸರು ಮೂರು ಮೂರು ಜನ ಸೇರಿ 'ಬ್ಯಾಚುಲರ್' ಆದರು. ನಲವತ್ತೆಂಟು ವರ್ಷದ ಬ್ಯಾಚುಲರ್‌ಗಳು!

ನಾಲ್ಕನೆಯದು ಕಾಗದ. 2021ರ ಮಾರ್ಚ್ 14ರವರೆಗೆ ರಜೆಗೆ ಹೊರಡಲು ಮಾಲೀಕನ ಒಪ್ಪಿಗೆ ಬೇಕಿತ್ತು. ಆ ದಿನದಿಂದ ಖಾಸಗಿ ಕಂಪನಿಗಳಲ್ಲಿ ಕೆಲಸ ಮಾಡುವವರು ತಾವೇ ಆನ್‌ಲೈನಿನಲ್ಲಿ ವೀಸಾ ತೆಗೆಯಬಹುದು ಎಂದಾಯಿತು. ಮನೆ ಡ್ರೈವರ್‌ಗಳು, ಮನೆಗೆಲಸದವರು, ತೋಟಗಾರರು, ಕುರಿ ಕಾಯುವವರು ಆ ಸುಧಾರಣೆಯ ಹೊರಗೇ ಉಳಿದರು. ಇಕಾಮಾ ಅವಧಿ ಮುಗಿದಿದ್ದರಂತೂ ಯಾರಿಗೂ ರೀ–ಎಂಟ್ರಿ ಸಿಗುವುದಿಲ್ಲ.

ಇಷ್ಟೆಲ್ಲವೂ "ರಜೆ ಸಿಗಲಿಲ್ಲ" ಎಂಬ ಎರಡು ಪದದ ಹಿಂದೆ ಅಡಗಿ ಕೂತಿರುತ್ತದೆ. ಊರಿನ ಗೆಳೆಯನಿಗೆ ಅದು ಕೇಳಿಸುವುದು ಹೀಗೆ: "ದೊಡ್ಡ ಮನುಷ್ಯ ಆಗಿದ್ದಾನೆ, ನಮ್ಮ ಮದುವೆಗೆಲ್ಲ ಯಾಕೆ ಬರ್ತಾನೆ."

ಈಗ ಒಂದು ನಿಜವಾದ ಮದುವೆಯ ಸಂಗತಿ. ಇದರಲ್ಲಿ ಬರುವ ಗೆಳೆಯರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ, ಗುರುತು ಹತ್ತದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಕಕ್ಷಿದಾರರ ವಿಷಯ ಹೊರಗೆ ಹೇಳುವುದು ನಮ್ಮ ವೃತ್ತಿಯಲ್ಲಿ ದುರ್ನಡತೆ; 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೇ ಅನುಸೂಚಿಯ ಮೊದಲ ಕಲಮೇ ಅದು. ಈ ಕಲಂ ಮುಂದೆ ಬರುತ್ತದೆ, ನೆನಪಿಡಿ.

ಮಂಗಳೂರಿನಲ್ಲಿ ನಾವು ಐದು ಜನ ಒಂದೇ ಆಡಿಟ್ ಆಫೀಸಿನಲ್ಲಿ ಆರ್ಟಿಕಲ್ ಕ್ಲರ್ಕ್‌ಗಳಾಗಿದ್ದೆವು. ಏಪ್ರಿಲ್ ಬಂದರೆ ಬ್ಯಾಂಕ್ ಶಾಖೆಗಳ ಆಡಿಟ್, ಒಂದೇ ಲಾಡ್ಜಿನ ಕೋಣೆಯಲ್ಲಿ ಐದೂ ಜನ, ನೆಲದ ಮೇಲೆ ಚಾಪೆ. ಇಬ್ಬರು ಸಿಎ ಮುಗಿಸಿದೆವು, ಮೂವರು ಮಧ್ಯದಲ್ಲಿ ಬಿಟ್ಟರು. ಒಬ್ಬ ಮೆಲ್ಬೋರ್ನ್, ಒಬ್ಬ ಬೆಂಗಳೂರು, ಒಬ್ಬ ಶಿರಸಿಯಲ್ಲಿ ಟ್ಯಾಕ್ಸ್ ಪ್ರಾಕ್ಟೀಸು, ಅಡಿಕೆ ವ್ಯಾಪಾರಿಗಳ ಜಿಎಸ್‌ಟಿ. ಇನ್ನೊಬ್ಬ ನನಗಿಂತ ಮೊದಲೇ ಜಿದ್ದಾಗೆ ಬಂದವನು, ಒಂದು ಗುತ್ತಿಗೆ ಕಂಪನಿಯಲ್ಲಿ ಅಕೌಂಟೆಂಟ್. ಅಜೀಜಿಯಾದಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಮೂರು ಕಟ್ಟಡ.

ಶಿರಸಿಯವನಿಗೆ ಮದುವೆ ಆಗಿರಲಿಲ್ಲ. ಅಡಿಕೆ ತೋಟದ ಊರುಗಳಲ್ಲಿ ಹುಡುಗಿ ಸಿಗದ ಕತೆ ನಿಮಗೆ ಗೊತ್ತು. ಕಳೆದ ವರ್ಷ, ನಲವತ್ತಾರರ ವಯಸ್ಸಿನಲ್ಲಿ, ಕೊನೆಗೂ ನಿಶ್ಚಯವಾಯಿತು. ಹುಡುಗಿ ಶಾಲೆಯ ಟೀಚರು. ಡಿಸೆಂಬರ್ ಮೊದಲ ವಾರ, ಧನುರ್ಮಾಸ ಬರುವ ಮುಂಚೆ ಮುಹೂರ್ತ. ಅವನು 'ಮೈ ಆಟೋಗ್ರಾಫ್'ನ ಹಾಗೆ ದೇಶ ಸುತ್ತಲಿಲ್ಲ, ಆದರೆ ನಾಲ್ವರಿಗೂ ವೀಡಿಯೊ ಕಾಲ್ ಮಾಡಿ ಕಾರ್ಡನ್ನು ಕ್ಯಾಮೆರಾ ಮುಂದೆ ಹಿಡಿದು, ಮೇಲೆ ಅರಿಶಿನ ಕುಂಕುಮ ಹಚ್ಚಿ ತೋರಿಸಿದ. "ಐದೂ ಜನ ಒಂದೇ ಕೋಣೆ, ಚಾಪೆ ನಾನು ತರ್ತೇನೆ" ಎಂದ.

ಅಜೀಜಿಯಾದ ಗೆಳೆಯ ಉತ್ತರ ಬರೆದ: "ರಜೆ ಸಿಗಲಿಲ್ಲ ಮಾರಾಯ."

ನಿಜ ಏನೆಂದು ನನಗೆ ಗೊತ್ತಿತ್ತು. ಅವನ ಕಾಗದಗಳನ್ನು ನೋಡಿದ್ದು ನಾನೇ. ಐದು ತಿಂಗಳಿಂದ ಸಂಬಳ ಬಂದಿರಲಿಲ್ಲ. ಕಂಪನಿ ಇಕಾಮಾ ನವೀಕರಿಸಿರಲಿಲ್ಲ, ಸೆಪ್ಟೆಂಬರಿನಲ್ಲಿ ಅವಧಿ ಮುಗಿದಿತ್ತು. ಹೆಂಡತಿ ಮಕ್ಕಳನ್ನು ಅವನು 2019ರಲ್ಲೇ ಊರಿಗೆ ಕಳಿಸಿದ್ದ, ಮುನ್ನೂರರ ಶುಲ್ಕದ ವರ್ಷ. ಊರಿನಲ್ಲಿ ಇದು ಹೆಂಡತಿಗೆ ಅರ್ಧ ಗೊತ್ತು, ಅವನ ತಾಯಿಗೆ ಏನೂ ಗೊತ್ತಿಲ್ಲ.

ನಾನು ಮುಂಬೈಯಲ್ಲಿ ವಿಮಾನ ಬದಲಿಸಿ ಗೋವಾಗೆ ಇಳಿದು ಶಿರಸಿಗೆ ಹೋದೆ. ಮೆಲ್ಬೋರ್ನಿನವನು ಬಂದಿದ್ದ, ಬೆಂಗಳೂರಿನವನು ಬಂದಿದ್ದ. ಚಾಪೆ ನಿಜವಾಗಿಯೂ ತಂದಿದ್ದ. ನಮ್ಮ ಸೊಂಟಗಳು ಹತ್ತು ನಿಮಿಷದಲ್ಲಿ ಸೋತು ಮಂಚ ಹುಡುಕಿದವು. ಸಿನಿಮಾದಲ್ಲಿ ತೋರಿಸುವುದೆಲ್ಲ ಆಯಿತು. ಹಳೆಯ ಪ್ರಿನ್ಸಿಪಾಲರ ಬೈಗುಳದ ನಕಲು, ಯಾರಿಗೆ ಎಷ್ಟು ಕೂದಲು ಉಳಿದಿದೆ ಎಂಬ ಆಡಿಟ್ ರಿಪೋರ್ಟು. ಅಜೀಜಿಯಾದವನ ಹೆಂಡತಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಕುಂದಾಪುರದಿಂದ ಬಸ್ಸಿನಲ್ಲಿ ಬಂದಿದ್ದರು. ಮದುಮಗ ಅವರ ಮುಂದೆಯೇ ಅಂದುಬಿಟ್ಟ: "ನಿಮ್ಮೆಜಮಾನ್ರಿಗೆ ನಾವೆಲ್ಲ ಈಗ ಕಾಣೋದಿಲ್ಲ ಬಿಡಿ. ಮೂರು ಕಟ್ಟಡ ಆಚೆ ಇರೋನು ಬಂದ, ಅವನಿಗೆ ಆಗ್ಲಿಲ್ಲ." ಅವರು ನಕ್ಕು, "ರಜೆ ಸಿಗಲಿಲ್ಲವಂತೆ" ಎಂದರು. ನನ್ನ ಕಡೆ ಒಮ್ಮೆ ನೋಡಿದರು.

ಈಗ ಆ ಎರಡನೇ ಅನುಸೂಚಿ. ನನ್ನ ಬಾಯಿಗೆ ಬೀಗ. ಪ್ರೇಕ್ಷಕರು "ಹೇಳಿಬಿಡೋ" ಎಂದು ಕೂಗುವ ಜಾಗದಲ್ಲಿ ನಾನು ನಿಂತಿದ್ದೆ, ಆದರೆ ಆ ವಾಕ್ಯ ನನ್ನದಾಗಿರಲಿಲ್ಲ. ಊಟದ ಹಾಲಿನ ಹಿಂದೆ, ಬಾಳೆ ಎಲೆ ರಾಶಿ ಹಾಕಿದ್ದಲ್ಲಿ ನಿಂತು ಜಿದ್ದಾಗೆ ಫೋನ್ ಮಾಡಿದೆ. "ಅವನಿಗೆ ನೀನೇ ಹೇಳು. ಇವತ್ತೇ ಹೇಳು. ಇಲ್ಲದಿದ್ದರೆ ಇನ್ನು ಇಪ್ಪತ್ತು ವರ್ಷ ಅವನು ಹೀಗೇ ಮಾತಾಡ್ತಾನೆ, ನಿನ್ನ ಹೆಂಡತಿ ಹೀಗೇ ನಗ್ತಾಳೆ" ಎಂದೆ. ಅವನು ಏನೂ ಅನ್ನಲಿಲ್ಲ. ಫೋನ್ ಇಟ್ಟ.

ಸಂಜೆ ಆರತಕ್ಷತೆಗೆ ಮುಂಚೆ ಮದುಮಗನಿಗೆ ಕರೆ ಬಂತು. ಅವನು ರೇಷ್ಮೆ ಶಾಲಿನಲ್ಲೇ ಎದ್ದು ಹೊರಗೆ ಹೋದ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನಾವು ಹೋಗಿ ನೋಡಿದರೆ ಅವನು ಕಾರಿನ ಬಾನೆಟ್ ಮೇಲೆ ಮದುವೆ ಕಾರ್ಡು ತಿರುಗಿಸಿಟ್ಟು ಅದರ ಹಿಂಭಾಗದಲ್ಲಿ ನೋಟ್ಸ್ ಬರೆದುಕೊಳ್ಳುತ್ತಿದ್ದ. "ಒಪ್ಪಂದದ ಪ್ರತಿ ಇದೆಯಾ? ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸು. ಎಷ್ಟು ತಿಂಗಳು? ಬರೆಹದಲ್ಲಿ ಕೇಳಿದ್ದೀಯಾ?" ಸೌದಿ ಕಾನೂನಿನ ಅ ಆ ಇ ಗೊತ್ತಿಲ್ಲದ ಮನುಷ್ಯ, ಸಾಲಗಾರ ಸೊಸೈಟಿಯ ಆಡಿಟ್ ಮಾಡುವ ಹಾಗೆ ಪ್ರಶ್ನೆ ಹಾಕುತ್ತಿದ್ದ. ಫೋನನ್ನು ನನ್ನ ಕೈಗೆ ತುರುಕಿ, "ನೀನು ಅಲ್ಲೇ ಇದ್ದು ಏನು ಮಾಡ್ತಿದ್ದೀಯಾ?" ಎಂದು ನನಗೇ ಜೋರು ಮಾಡಿದ. ಅಷ್ಟರಲ್ಲಿ ಮದುಮಗಳೇ ಹುಡುಕಿಕೊಂಡು ಬಂದರು. ವಿಷಯ ಕೇಳಿ, "ಮುಗಿಸಿಯೇ ಬನ್ನಿ, ಫೋಟೊದವರು ಕಾಯ್ತಾರೆ" ಎಂದು ಹೋದರು. ಒಳ್ಳೆಯ ಹುಡುಗಿ ಸಿಕ್ಕಿದ್ದಾಳೆ ಅವನಿಗೆ.

ನಾನು ಕಾಗದ ನೋಡಿದ ದಿನವೇ ಗೆಳೆಯನಿಗೆ ಹೇಳಿದ್ದ ವಿಷಯವನ್ನೇ ಅಲ್ಲಿ ಮತ್ತೆ ಹೇಳಿದೆ. ಸತತ ಮೂರು ತಿಂಗಳು ಸಂಬಳ ಕೊಡದಿದ್ದರೆ, ಅಥವಾ ಇಕಾಮಾ ಅವಧಿ ಮುಗಿದಿದ್ದರೆ, ಹಳೆಯ ಮಾಲೀಕನ ಒಪ್ಪಿಗೆ ಇಲ್ಲದೆಯೇ ಬೇರೆ ಕಂಪನಿಗೆ ವರ್ಗವಾಗಬಹುದು. 'ಕಿವಾ' ತಾಣದಲ್ಲಿ ಆಗುವ ಕೆಲಸ. ಬಾಕಿ ಸಂಬಳಕ್ಕೆ ಮೊದಲು ಸಚಿವಾಲಯದ ರಾಜಿ ವಿಭಾಗಕ್ಕೆ ದೂರು, ಅಲ್ಲಿ ಆಗದಿದ್ದರೆ ಕಾರ್ಮಿಕ ನ್ಯಾಯಾಲಯ. ನಾನು ಹೇಳಿದಾಗೆಲ್ಲ ಅವನು "ನೋಡೋಣ" ಎನ್ನುತ್ತಿದ್ದ. ದೂರು ಕೊಟ್ಟರೆ ಊರಿಗೆ ಗೊತ್ತಾಗುತ್ತದೆ ಎಂಬುದೇ ಅವನ ಚಿಂತೆ. ಬಾನೆಟ್ ಮೇಲಿನ ಲೆಕ್ಕದ ನಂತರ ಊರಿಗೆ ಗೊತ್ತಾಗಿಹೋಗಿತ್ತು, ಮುಚ್ಚಿಡಲು ಏನೂ ಉಳಿದಿರಲಿಲ್ಲ. ಜನವರಿಯಲ್ಲಿ ದೂರು ಕೊಟ್ಟ. ಮಾರ್ಚ್‌ನಲ್ಲಿ ಹೊಸ ಕಂಪನಿಗೆ ವರ್ಗವಾದ. ಬಾಕಿಯಲ್ಲಿ ಮೂರು ತಿಂಗಳದ್ದು ಬಂದಿದೆ, ಉಳಿದದ್ದು ಬಂದಿಲ್ಲ, ಬರುತ್ತದೆ ಎಂದು ನಾನು ಭರವಸೆ ಕೊಡಲಾರೆ.

ಸ್ನೇಹಿತರೇ, ಈ ಸಭೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಇದ್ದೀರಿ. ಇವತ್ತಿನ ಹೊತ್ತಿಗೆ ನಿಮ್ಮಲ್ಲಿ ಎಷ್ಟು ಜನರ ಫೋನಿನಲ್ಲಿ ಉತ್ತರ ಕೊಡದ ಮದುವೆ ಪಿಡಿಎಫ್ ಇದೆ ಎಂದು ನಾನು ಕೇಳುವುದಿಲ್ಲ. ಆ ಉತ್ತರಗಳಲ್ಲಿ ಕೆಲವು ನಿಜವಾಗಿಯೂ ರಜೆಯ ಸಮಸ್ಯೆ. ಕೆಲವು ದುಡ್ಡು, ಕೆಲವು ಇಕಾಮಾ. ರಜೆಯ ಸಮಸ್ಯೆಗೆ ಸಂಘ ಏನೂ ಮಾಡಲಾಗದು. ಉಳಿದ ಎರಡಕ್ಕೆ ಮಾಡಬಹುದು, ಆದರೆ ಯಾರಾದರೂ ಹೇಳಿದರೆ ಮಾತ್ರ. ನಮ್ಮ ಸಂಘ ವರ್ಷಕ್ಕೆ ಎರಡು ಸಲ ರಾಜ್ಯೋತ್ಸವ, ಯುಗಾದಿ ಎಂದು ಸೇರಿ ಹೋಳಿಗೆ ತಿಂದು, ಮೂರು ಕಟ್ಟಡ ಆಚೆಯವನು ಐದು ತಿಂಗಳಿಂದ ಸಂಬಳವಿಲ್ಲದೆ ಇದ್ದಾನೆ ಎಂಬುದು ಗೊತ್ತಾಗದೆ ಮನೆಗೆ ಹೋಗುತ್ತದೆ. ಇದನ್ನು ನಾನು ಕೊಂಚ ಕಟುವಾಗಿಯೇ ಹೇಳುತ್ತಿದ್ದೇನೆ, ಪದಾಧಿಕಾರಿಗಳು ಕ್ಷಮಿಸಬೇಕು.

ಹಾಗಾಗಿ ಕಾರ್ಯಕಾರಿ ಸಮಿತಿಗೆ ಒಂದು ಪ್ರಸ್ತಾವ ಇಟ್ಟಿದ್ದೇನೆ, ಅಧ್ಯಕ್ಷರು ಒಪ್ಪಿದ್ದಾರೆ. ಮುಂದಿನ ತಿಂಗಳಿನಿಂದ, ಪ್ರತಿ ತಿಂಗಳ ಮೊದಲ ಶುಕ್ರವಾರ ಮಗ್ರಿಬ್ ನಂತರ ನಾನು ಮತ್ತು ಇನ್ನಿಬ್ಬರು ಸದಸ್ಯರು ಒಂದು ಕಡೆ ಕೂರುತ್ತೇವೆ. ಜಾಗ ಅಜೀಜಿಯಾದಲ್ಲೇ, ಸಂದೇಶದಲ್ಲಿ ತಿಳಿಸುತ್ತೇವೆ. ಇಕಾಮಾ, ಒಪ್ಪಂದದ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ. ಶುಲ್ಕವಿಲ್ಲ. ವಿಷಯ ಕೋಣೆಯಿಂದ ಹೊರಗೆ ಹೋಗುವುದಿಲ್ಲ. ಮನೆ ಡ್ರೈವರ್ ಆಗಿರುವವರೂ ಬನ್ನಿ, ನಿಮಗೆ ನಿಯಮಗಳು ಬೇರೆ, ಅದನ್ನು ಬಲ್ಲ ಒಬ್ಬರು ಬರುತ್ತಾರೆ. ಇನ್ನೊಂದು ಸಣ್ಣ ವಿಷಯ: ಮನೆಯ ಮದುವೆ ಇರುವವರು ಆರು ತಿಂಗಳು ಮೊದಲೇ ಬಂದು ಲೆಕ್ಕ ಹಾಕಿಸಿಕೊಳ್ಳಿ. ಟಿಕೆಟ್, ರೀ–ಎಂಟ್ರಿ, ಶುಲ್ಕದ ಕಂತು, ಎಲ್ಲ ಒಂದು ಹಾಳೆಯಲ್ಲಿ ಬರೆದರೆ ಎಷ್ಟೋ ಸಲ ನಾಲ್ಕು ಜನ ಹೋಗಲಾಗದಿದ್ದರೂ ಇಬ್ಬರು ಹೋಗಬಹುದು ಎಂದು ಕಾಣುತ್ತದೆ.

ಶಿರಸಿಯವನು ಈ ಕೂಟದ ಸುದ್ದಿ ಕೇಳಿ, ತಾನೂ ಆನ್‌ಲೈನಿನಲ್ಲಿ ಇರುತ್ತೇನೆ ಎಂದಿದ್ದಾನೆ. ನಿನಗೆ ಇಲ್ಲಿನ ಕಾನೂನು ಗೊತ್ತಿಲ್ಲ, ಬೇಡ ಎಂದೆ. ಕೇಳುತ್ತಿಲ್ಲ. ಅಜೀಜಿಯಾದವನು ಬರುವ ತಿಂಗಳು ಊರಿಗೆ ಹೊರಟಿದ್ದಾನೆ, ನಾಲ್ಕು ವರ್ಷಗಳ ಮೇಲೆ. ಮೊದಲು ಕುಂದಾಪುರ, ಆಮೇಲೆ ಎರಡು ದಿನ ಶಿರಸಿ. ಮೆಲ್ಬೋರ್ನಿನವನಿಗೆ ರಜೆ ಸಿಕ್ಕಿಲ್ಲ, ನಿಜವಾಗಿಯೂ ಸಿಕ್ಕಿಲ್ಲ, ಪತ್ರ ತೋರಿಸಿದ್ದಾನೆ.

ಈಗ ಪ್ರಶ್ನೆಗಳಿದ್ದರೆ ಕೇಳಿ. ಎನ್‌ಆರ್‌ಒ ಖಾತೆಯ ಬಗ್ಗೆಯೂ ಕೇಳಬಹುದು, ಬಿರಿಯಾನಿ ಬರಲು ಇನ್ನೂ ಅರ್ಧ ಗಂಟೆ ಇದೆಯಂತೆ.